ಎಡಬದಿಗೆ ಗಾಳಿ ಕಡಿಮೆ

ಸಿಟ್ಟು ನನ್ನ ಹುಟ್ಟುಗುಣ. ಉಡುಪಿ–ಕಾರ್ಕಳ ದಾರಿಯಲ್ಲಿ ಹದಿನೈದು ವರ್ಷ ಪ್ರೈವೇಟ್ ಬಸ್ಸು ಓಡಿಸಿದವನಿಗೆ ಸಿಟ್ಟು ಬರುವುದಿಲ್ಲ ಎಂದರೆ ಅವನು ಮನುಷ್ಯನಲ್ಲ, ದೇವರು. ಪರ್ಕಳದಲ್ಲಿ ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವ ಸ್ಕೂಟರಿನವರಿಗೆ ನಾನು ಹೇಳುವ ಮಾತುಗಳನ್ನು ಇಲ್ಲಿ ಬರೆಯಲಾಗದು. ಆದರೆ ಆ ಸಿಟ್ಟು ಮಣಿಪಾಲ ಬರುವಷ್ಟರಲ್ಲಿ ಇಳಿದುಹೋಗುತ್ತದೆ. ಈಗ ಹೇಳಹೊರಟ ಸಿಟ್ಟು ಮಾತ್ರ ಸುಮಾರು ಒಂದು ವರ್ಷ ನನ್ನನ್ನು ಬಿಡಲಿಲ್ಲ. ಅದು ಯಾರ ಮೇಲೂ ಅಲ್ಲ, ನನ್ನದೇ ಎದೆಯ ಎಡಬದಿಯ ಮೇಲೆ.

ಶುರುವಾದದ್ದು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ. ಚಹಾ ಕುಡಿಯುತ್ತಿದ್ದೆ. ನಮ್ಮ ಕಂಡಕ್ಟರ್ ಮೊಬೈಲ್ ಹಿಡಿದುಕೊಂಡು ಬಂದ. ಅವನ ಮುಖ ನೋಡಿದಾಗಲೇ ಏನೋ ಕಿತಾಪತಿ ಉಂಟೆಂದು ಗೊತ್ತಾಯಿತು.

"ಡ್ರೈವರಣ್ಣ, ಇದರಲ್ಲಿ ನೀವು ಉಂಟು. ನೋಡುವಾಗ ಬೇಜಾರು ಮಾಡ್ಬಾರ್ದು."

ಅದು ಹಿಂದಿನ ತಿಂಗಳಿನ ಕೃಷ್ಣಾಷ್ಟಮಿಯ ವಿಡಿಯೊ. ಪ್ರತಿ ಅಷ್ಟಮಿಗೆ ಉಡುಪಿಯಲ್ಲಿ ನಾನು ಹುಲಿವೇಷ ಹಾಕುವವನು. ಹತ್ತೊಂಬತ್ತನೆಯ ವಯಸ್ಸಿಗೆ ಶುರುಮಾಡಿದ್ದು. ಸೊಂಟಕ್ಕೊಂದು ಚಡ್ಡಿ, ತಲೆಗೆ ಹುಲಿಯ ಮುಖ, ಉಳಿದದ್ದೆಲ್ಲ ಬರೀ ಬಣ್ಣ. ನಮಗೆ ಮೈಯೇ ಅಂಗಿ. ಯಾರೋ ಪುಣ್ಯಾತ್ಮರು ಎರಡನೆಯ ದಿನ ಸಂಜೆ, ನಾವು ಬಣ್ಣ ತೆಗೆದು ಬಾವಿಕಟ್ಟೆಯ ಹತ್ತಿರ ಮೈ ಉಜ್ಜಿಕೊಳ್ಳುತ್ತಿದ್ದಾಗ ವಿಡಿಯೊ ಮಾಡಿ ಹಾಕಿಬಿಟ್ಟಿದ್ದರು. ನಾನು ಕ್ಯಾಮೆರಾಕ್ಕೆ ನೇರ ಎದುರು ನಿಂತು ನಗುತ್ತಿದ್ದೇನೆ. ಬಲ ಎದೆ ಕಡಬಿನಂತೆ ಉಬ್ಬಿದೆ. ಎಡದಲ್ಲಿ ಮಾಂಸವೇ ಇಲ್ಲ, ಚಪ್ಪಟೆ. ಕೆಳಗೆ ಒಬ್ಬ ಬರೆದಿದ್ದ: "ಡ್ರೈವರಣ್ಣ, ಎಡಬದಿ ಟಯರಿಗೆ ಗಾಳಿ ಕಡಿಮೆ ಉಂಟು, ಹಾಕಿಸಿ." ಅದಕ್ಕೆ ನಗುವ ಮುಖಗಳು ಸಾಲು ಸಾಲು.

"ನಮ್ಮ ಗೇರ್ ಎಡಗೈಯಲ್ಲೇ ಹಾಕುವುದಲ್ವಾ ಮಾರಾಯ್ರೆ," ಎಂದ ಕಂಡಕ್ಟರ್, ತೀರ ಗಂಭೀರವಾಗಿ. "ಲೆಕ್ಕದಲ್ಲಿ ಎಡವೇ ದೊಡ್ಡದಾಗಬೇಕಿತ್ತು."

ಚಹಾ ಅಲ್ಲೇ ಬಿಟ್ಟು ಎದ್ದೆ. ಆ ಟ್ರಿಪ್ಪಿನಲ್ಲಿ ಬ್ರೇಕ್ ಸ್ವಲ್ಪ ಜೋರಾಗಿಯೇ ಬಿದ್ದಿರಬೇಕು. ಹಿರಿಯಡ್ಕದಲ್ಲಿ ಒಬ್ಬರು ಅಜ್ಜಿ ಇಳಿಯುವಾಗ ನನ್ನನ್ನು ಬೈದೇ ಇಳಿದರು.

ಕಾಪುವಿನ ಮನೆಗೆ ಬಂದವನೇ ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಂತೆ. ಸುಳ್ಳಲ್ಲ. ಎಡ ಸಪೂರ, ಬಲ ದಪ್ಪ. ಆಮೇಲೆ ಚಾವಡಿಗೆ ಹೋದೆ. ಅಲ್ಲಿ ಗೋಡೆಯ ಮೇಲೆ ವರ್ಷಕ್ಕೊಂದರಂತೆ ನಮ್ಮ ತಂಡದವರು ಹೊಡೆಸಿಕೊಟ್ಟ ನನ್ನ ಹುಲಿಯ ಪಟಗಳಿವೆ, ಇಪ್ಪತ್ತು. ಒಂದೊಂದರ ಮುಂದೆಯೂ ನಿಂತು ನೋಡಿದೆ. ಎಲ್ಲದರಲ್ಲಿಯೂ ಎದೆ ಸಮ, ಎರಡು ಬದಿಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಕೊನೆಯ ಪಟವೂ ಹಾಗೆಯೇ, ವಿಡಿಯೊದ ಹಿಂದಿನ ದಿನದ್ದು. ಅದನ್ನು ನೋಡಿದಾಗ ಸ್ವಲ್ಪ ಗಲಿಬಿಲಿಯಾಯಿತು. ಹುಲಿಯ ನಿಲುವಿನಲ್ಲಿ ಎದೆ ಬಿಗಿದು ನಿಂತದ್ದಕ್ಕೆ ಹಾಗೆ ಬಂದಿರಬೇಕು ಅಂದುಕೊಂಡೆ. ಒಟ್ಟಾರೆ ಇದು ಈಚೆಗೆ ಬಂದ ಕಾಯಿಲೆ ಎಂದು ತೀರ್ಮಾನಿಸಿಬಿಟ್ಟೆ.

ಹೆಂಡತಿ ಮಲ್ಲಿಗೆಗೆ ಹೆಸರಾದ ಶಂಕರಪುರದವಳು. ಮದುವೆಯಾಗಿ ಕಾಪುವಿಗೆ ಬಂದರೂ ಮಲ್ಲಿಗೆ ಕಟ್ಟುವುದನ್ನು ಬಿಟ್ಟಿಲ್ಲ. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದವಳನ್ನು ಕೇಳಿದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ನನ್ನ ಎದೆ ಮೊದಲಿಂದಲೂ ಹೀಗೆ ಉಂಟಾ?"

"ನಾನೇನು ಅಳತೆ ತೆಗೆದು ಮದುವೆಯಾದದ್ದಾ? ಮನೆಯಲ್ಲಿರುವಾಗ ಇಡೀ ದಿನ ಬನಿಯನ್ನಿನಲ್ಲೇ ಇರ್ತೀರಿ. ಇತ್ತೋ ಏನೋ."

"ಇರಲಿಲ್ಲ! ಪಟ ನೋಡು!"

"ಹಾಗಾದ್ರೆ ಇರಲಿಲ್ಲ," ಎಂದು ಅವಳು ಮತ್ತೊಂದು ಮೊಗ್ಗು ತೆಗೆದುಕೊಂಡಳು.

ನನ್ನ ತಲೆಬಿಸಿಗೆ ಕಾರಣವಿತ್ತು. ನಲವತ್ತು ತುಂಬಿದ ವರ್ಷ ಹುಲಿ ನಿಲ್ಲಿಸುತ್ತೇನೆಂದು ತಂಡಕ್ಕೆ ಹೇಳಿಯಾಗಿತ್ತು. ಮೊಣಕಾಲು ಕೇಳುತ್ತಿರಲಿಲ್ಲ. ಇನ್ನು ಉಳಿದದ್ದು ಒಂದೇ ಅಷ್ಟಮಿ, ಒಂದೇ ಪಟ. ಆ ಕೊನೆಯ ಪಟದಲ್ಲಿ ನಾನು ಓರೆಯಾಗಿ ನಿಲ್ಲಲಾರೆ. ಗಾಳಿ ಕಡಿಮೆ ಎಂದವನ ಬಾಯಿ ಮುಚ್ಚಬೇಕು. ನನಗೆ ಬೇಕಾದದ್ದು ಇಷ್ಟೇ.

ಮೊದಲು ಮಣಿಪಾಲದ ಒಬ್ಬರು ನರದ ಡಾಕ್ಟರರ ಹತ್ತಿರ ಹೋದೆ. ಅವರು ಎರಡೂ ಬದಿ ಒತ್ತಿ ನೋಡಿ, "ಯಾವಾಗಿಂದ ಹೀಗಾದದ್ದು?" ಎಂದು ಕೇಳಿದರು.

"ಈ ವರ್ಷವೇ."

"ಖಂಡಿತವಾ?"

ನಾನು ಸುಮ್ಮನಿರಬೇಕಲ್ಲ! ಸಾಕ್ಷಿ ಸಮೇತ ಹೋಗಿದ್ದೆ. ಇಪ್ಪತ್ತು ಪಟಗಳ ಫೋಟೊ ಹೊಡೆದುಕೊಂಡಿದ್ದ ಮೊಬೈಲನ್ನು ಅವರ ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ಹುಲಿಯನ್ನು ದೊಡ್ಡದು ಮಾಡಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಗಂಭೀರವಾಯಿತು. ಇಷ್ಟು ಚೆನ್ನಾಗಿದ್ದ ಸ್ನಾಯು ಇಷ್ಟು ಬೇಗ ಕರಗಬಾರದು, ಪರೀಕ್ಷೆ ಮಾಡಿಯೇ ಬಿಡೋಣ ಎಂದರು. ಹೆದರಿಕೆಯೆಂದರೆ ಏನೆಂದು ಆ ವಾರ ನನಗೆ ಗೊತ್ತಾಯಿತು. ಎದೆಗೂ ತೋಳಿಗೂ ಸೂಜಿ ಚುಚ್ಚಿ ಕರೆಂಟು ಕೊಟ್ಟರು. ಕುತ್ತಿಗೆಯ ಸ್ಕ್ಯಾನಿಂಗಿಗೆ ಆ ಕೊಳವೆಯೊಳಗೆ ಮಲಗಿ ಊರಿನ ದೈವಗಳಿಗೆಲ್ಲ ಹರಕೆ ಹೇಳಿಕೊಂಡೆ. ಕೊನೆಗೆ ಡಾಕ್ಟರು, "ನಿಮ್ಮ ನರಗಳಿಗೆ ಏನೂ ಆಗಿಲ್ಲ, ಒಳ್ಳೆದುಂಟು. ಯಾಕೆ ಹೀಗಾಯಿತೋ ನನಗೂ ಅರ್ಥವಾಗುವುದಿಲ್ಲ. ತೂಕ ಎತ್ತುವ ವ್ಯಾಯಾಮ ಮಾಡಿ ನೋಡಿ," ಎಂದರು. ಅಷ್ಟನ್ನು ಕೇಳಿದ್ದರೆ ಕಂಡಕ್ಟರನೂ ಹೇಳುತ್ತಿದ್ದ.

ನಮಗೆ ಒಂದು ದಿನ ಬಸ್ಸು, ಒಂದು ದಿನ ರಜೆ. ರಜೆಯ ದಿನ ಮಣಿಪಾಲದ ಒಂದು ಜಿಮ್ಮಿಗೆ ಸೇರಿದೆ. ಅಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಕಾಲೇಜಿನವರು. ತರಬೇತುದಾರ ಕಾರ್ಕಳ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆಯವನು. ದುಬೈಯಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿ ಬಂದವನು, ಮಾತು ಮೆತ್ತಗೆ, ಒಳ್ಳೆಯ ಮನುಷ್ಯ. ಆದರೆ ನನ್ನನ್ನು ಅಂಕಲ್ ಎಂದು ಕರೆಯುತ್ತಿದ್ದ. ಮೊದಲ ದಿನ ಮಲಗಿಸಿ ಉದ್ದದ ಸಲಾಕೆ ಎತ್ತಿಸಿದ. ಸಲಾಕೆ ಬಲಕ್ಕೆ ಮೇಲೇರಿತು, ಎಡಕ್ಕೆ ವಾಲಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ.

"ಅಂಕಲ್, ಇನ್ನು ನೀವು ಬಾರ್ಬೆಲ್ ಮುಟ್ಟಬಾರದು," ಎಂದ. "ಸಲಾಕೆ ಒಂದೇ ಆದರೆ ಜೋರಿನ ಬದಿ ಸೋತ ಬದಿಯ ಕೆಲಸವನ್ನೂ ಮಾಡಿಬಿಡ್ತದೆ. ಡಂಬೆಲ್ ಮಾತ್ರ, ಕೈಗೊಂದು. ಮೊದಲು ಎಡ. ಎಡಗೈ ಎಷ್ಟು ಸಲ ಎತ್ತುತ್ತದೋ ಬಲಗೈಯೂ ಅಷ್ಟೇ ಸಲ. ಒಂದೂ ಹೆಚ್ಚಿಲ್ಲ."

ಕೇಳಲು ಸುಲಭ. ಮಾಡಿ ನೋಡಿ! ಎಡಗೈ ಆರಕ್ಕೆ ನಡುಗಿ ಎಂಟಕ್ಕೆ ಸೋಲುತ್ತದೆ. ಬಲಗೈಗೆ ಎಂಟು ಎಂದರೆ ಬೆವರೂ ಬರುವುದಿಲ್ಲ, ಆದರೂ ಕೆಳಗಿಡಬೇಕು. ಮುಂದೆ ಹೋಗುವ ದಾರಿ ಖಾಲಿ ಇದ್ದರೂ ಎದುರಿನ ಹಾಲಿನ ಟೆಂಪೊದ ಹಿಂದೆ ಹಾರ್ನ್ ಒತ್ತದೆ ತೆವಳಿದ ಹಾಗೆ. ಪಕ್ಕದಲ್ಲಿ ಮೀಸೆ ಸರಿಯಾಗಿ ಬಾರದವರು ನನ್ನ ಎರಡರಷ್ಟು ಎತ್ತಿ ಉಸ್ ಉಸ್ ಎನ್ನುತ್ತಿದ್ದರು. ನಾನು ಕನ್ನಡಿಯಲ್ಲಿ ಅವರನ್ನು ನೋಡಿ ಹಲ್ಲು ಕಡಿಯುತ್ತಿದ್ದೆ. "ಅಂಕಲ್, ಭುಜ ಎತ್ತಬೇಡಿ. ಅಂಕಲ್, ಮೊಣಕೈ ಒಳಗೆ. ಅಂಕಲ್, ಎದೆಯಿಂದ ಎತ್ತಿ, ಸಿಟ್ಟಿನಿಂದ ಅಲ್ಲ."

ಅಳತೆಗೆ ನನ್ನ ಹೆಂಡತಿ ಬೇರೆಯೇ ಉಪಾಯ ಮಾಡಿದಳು. ಹೂ ಕಟ್ಟುವ ಬಾಳೆನಾರಿನ ಎರಡು ಎಳೆ ತೆಗೆದುಕೊಂಡು, ಎದೆಯ ನಡುವಿನಿಂದ ಕಂಕುಳದವರೆಗೆ ಉಬ್ಬಿನ ಮೇಲೆ ಎಳೆದು, ಎಡಕ್ಕೊಂದು ಬಲಕ್ಕೊಂದು ಕತ್ತರಿಸಿದಳು. ಎರಡನ್ನೂ ನೆಲದ ಮೇಲೆ ಜೋಡಿಸಿದಾಗ ಎಡದ್ದು ಮೂರು ಮಲ್ಲಿಗೆ ಮೊಗ್ಗು ಅಗಲದಷ್ಟು ಗಿಡ್ಡ. ಪ್ರತಿ ತಿಂಗಳೂ ಹೀಗೆ ಅಳೆಯುವುದೆಂದಾಯಿತು. ಮೊದಲ ತಿಂಗಳು ಮೂರು ಮೊಗ್ಗು. ಎರಡನೆಯ ತಿಂಗಳು ಮೂರು ಮೊಗ್ಗು. ಮೂರನೆಯ ತಿಂಗಳು ಎರಡೂವರೆ! ನಾನು ಕುಣಿಯುವುದೊಂದು ಬಾಕಿ. ಅವಳು ಹಳೆಯ ನಾರನ್ನೂ ತಂದು ಪಕ್ಕದಲ್ಲಿಟ್ಟು ನೋಡಿದಳು.

"ಎಡ ಬೆಳೆದದ್ದಲ್ಲ. ಬಲ ಇಳಿದದ್ದು."

ಏನು ಹೇಳುವುದು! ಇದ್ದ ಒಂದು ಬದಿಯೂ ಹೋಗುತ್ತಿತ್ತು. ಗಾಯದ ಮೇಲೆ ಬರೆ ಎಂದರೆ ಇದೇ.

ಆಗ ನಾನೊಂದು ದಡ್ಡ ಕೆಲಸ ಮಾಡಿದೆ. ತರಬೇತುದಾರನಿಗೆ ತಿಳಿಸದೆ, ಎಣ್ಣೆಯ ಕ್ಯಾನಿಗೆ ಕಡಲ ಬದಿಯ ಹೊಯ್ಗೆ, ಅಂದರೆ ಮರಳು, ತುಂಬಿಸಿ, ಮನೆಯಲ್ಲಿ ಎಡಗೈಯಿಂದ ಮಾತ್ರ ಎತ್ತತೊಡಗಿದೆ. ಬೆಳಿಗ್ಗೆ ಐವತ್ತು, ಸಂಜೆ ಐವತ್ತು. ಹತ್ತನೆಯ ದಿನ ಪರ್ಕಳದ ಏರಿನಲ್ಲಿ ಗೇರ್ ಬದಲಿಸಲು ಹೋದಾಗ ಎಡ ಭುಜದಲ್ಲಿ ಚುರ್ ಎಂದಿತು. ಕೈ ಮೇಲೇಳಲಿಲ್ಲ. ಬಸ್ಸು ಬದಿಗೆ ನಿಲ್ಲಿಸಿ, ಕಂಡಕ್ಟರಿಗೆ ಹೇಳಿ ಬೇರೆ ಡ್ರೈವರನ್ನು ಕರೆಸಬೇಕಾಯಿತು. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಮೂರು ವಾರ ಜಿಮ್ಮೂ ಇಲ್ಲ, ಬಸ್ಸೂ ಇಲ್ಲ.

ತಿರುಗಿ ಹೋದಾಗ ತರಬೇತುದಾರ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಸೋತ ಬದಿಯನ್ನು ಹೊಡೆದು ಬೆಳೆಸಲಿಕ್ಕೆ ಆಗುವುದಿಲ್ಲ ಅಂಕಲ್," ಎಂದಷ್ಟೇ ಹೇಳಿ ಎಲ್ಲಕ್ಕಿಂತ ಚಿಕ್ಕ ಡಂಬೆಲ್ ಕೈಗೆ ಕೊಟ್ಟ. ಗುಲಾಬಿ ಬಣ್ಣದ್ದು. ಮತ್ತೆ ಮೊದಲಿಂದ.

ಆಮೇಲೆ ನಾನು ಮಾತು ಕೇಳಿದೆ. ಬೇರೆ ದಾರಿ ಇರಲಿಲ್ಲ. ಅವನು ಹೇಳಿದ ಮೊಟ್ಟೆ ತಿಂದೆ. ಬಂಗುಡೆ, ಬೂತಾಯಿ ಮೀನು ಮನೆಯಲ್ಲಿ ಹೇಗೂ ಇದ್ದೇ ಇತ್ತು. ಭುಜ ಹಿಂದಕ್ಕೆ ಹಿಡಿದು ನಿಲ್ಲುವುದನ್ನು ಕಲಿತೆ. ಎಡ ಎಂಟಾದಾಗ ಬಲವೂ ಎಂಟಕ್ಕೆ ನಿಂತಿತು. ಎಡ ಹತ್ತಕ್ಕೆ ಬಂದಾಗ ಬಲಕ್ಕೂ ಹತ್ತು ಸಿಕ್ಕಿತು. ಎರಡೂವರೆ ಮೊಗ್ಗು ಎರಡಾಯಿತು. ಮಳೆಗಾಲ ಶುರುವಾಗುವಾಗ ಒಂದಾಯಿತು. ಆ ಒಂದು ಮೊಗ್ಗು ಎರಡು ತಿಂಗಳು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅದರ ಮೇಲೆ ಅಷ್ಟಮಿಗೆ ಮೊದಲಿನ ವ್ರತ. ಹುಲಿ ಹಾಕುವವರು ಒಂದು ವಾರ ಮೀನು ಮಾಂಸ ಮುಟ್ಟುವಂತಿಲ್ಲ. ಅದನ್ನು ಕೇಳಿ ತರಬೇತುದಾರ ತಲೆಯ ಮೇಲೆ ಕೈಯಿಟ್ಟ. "ಈಗಲೇ ಬಿಡಬೇಕಾ ಅಂಕಲ್? ಇಷ್ಟು ಹತ್ತಿರ ಬಂದ ಮೇಲೆ?" ಕಡಲೆ ಬೇಯಿಸಿ ತಿಂದು ಸುಧಾರಿಸಿದೆ.

ಅಷ್ಟಮಿಯ ಹಿಂದಿನ ದಿನ ಹೆಂಡತಿ ಕೊನೆಯ ಅಳತೆ ತೆಗೆದಳು. ಎರಡು ನಾರು ನೆಲದ ಮೇಲಿಟ್ಟಳು. ಬಗ್ಗಿ ನೋಡಿದಳು. ಸ್ಥಳ ಬದಲಿಸಿ ಮತ್ತೊಮ್ಮೆ ಇಟ್ಟಳು.

"ಇವ್ರೇ, ಯಾವುದು ಎಡದ್ದು ಅಂತ ನನಗೇ ಮರೆತುಹೋಯ್ತು," ಎಂದಳು.

ನನಗೆ ಕಣ್ಣು ತುಂಬಿತು. ಹೇಳಲು ಏನು ನಾಚಿಕೆ? ಹನ್ನೊಂದು ತಿಂಗಳು ಹೆಣಗಿದವನು ನಾನು. ಆ ಸಂಜೆ ಜಿಮ್ಮಿನಲ್ಲಿ ತರಬೇತುದಾರ ನನ್ನ ಅಂಗಿ ತೆಗೆಸಿ ನೇರ ಎದುರಿನಿಂದ ಒಂದು ಫೋಟೊ ಹೊಡೆದು ಕಳಿಸಿದ. ಬರಿ ಮೈ. ಎಡ, ಬಲ, ಎರಡೂ ಒಂದೇ. ಅದನ್ನು ರಾತ್ರಿಯೊಳಗೆ ನೂರು ಸಲ ನೋಡಿದೆನೇನೋ.

ಮರುದಿನ ಬೆಳಕು ಹರಿಯುವಾಗ ಉಡುಪಿಯಲ್ಲಿ ಬಣ್ಣಕ್ಕೆ ನಿಂತೆವು. ಹನ್ನೆರಡು ಹುಲಿಗಳು. ನಮ್ಮ ಬಣ್ಣದ ಮಾಸ್ಟ್ರಿಗೆ ಎಪ್ಪತ್ತು ದಾಟಿದೆ. ನನ್ನ ಮೊದಲ ಹುಲಿಯಿಂದ ಇಂದಿನವರೆಗೆ ನನ್ನ ಮೈಗೆ ಬೇರೆ ಯಾರೂ ಕುಂಚ ಮುಟ್ಟಿಸಿಲ್ಲ. ಮೊದಲು ಮೈಯಿಡೀ ಹಳದಿ. ಅದು ಒಣಗುವವರೆಗೆ ಕೈ ಅಗಲಿಸಿ, ಬಿದಿರಿನ ಗಳಕ್ಕೆ ಆತುಕೊಂಡು ನಿಲ್ಲಬೇಕು. ಕೂರುವಂತಿಲ್ಲ, ಬಗ್ಗುವಂತಿಲ್ಲ. ಆಮೇಲೆ ಮಾಸ್ಟ್ರು ಕಪ್ಪು ಪಟ್ಟೆ ಎಳೆಯುತ್ತಾರೆ. ಅವರು ಮಾತಾಡುವುದಿಲ್ಲ. ಕೈ ಮಾತ್ರ ಓಡುತ್ತಿರುತ್ತದೆ. ನನ್ನ ಎದೆಯ ಮೇಲೆ ಕುಂಚ ಆಡುವಾಗ ಇವರಾದರೂ ಗಮನಿಸಿ ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಗೋಡೆಗೊರಗಿಸಿದ ಕನ್ನಡಿಯ ಮುಂದೆ ನಿಂತೆ. ಎಡ ಎದೆ ದೊಡ್ಡದಾಗಿ ಊದಿಕೊಂಡು ಕೆಳಗೆ ಜೋತಿದೆ. ಬಲ ಸಣ್ಣದಾಗಿ ಮೇಲೆ ನಿಂತಿದೆ. ಓರೆ ಹುಲಿ!

"ಎಂತ ಇದು ಮಾಸ್ಟ್ರೆ?" ಬೊಬ್ಬೆಯೇ ಹೊಡೆದೆ. "ಎಡದ ಪಟ್ಟೆ ಇಷ್ಟು ಕೆಳಗೆ ಬಂದದ್ದು ಯಾಕೆ?"

ಅವರು ಕುಂಚ ಒರೆಸುತ್ತಲೇ ಹೇಳಿದರು. "ನಿನಗೆ ಹಾಕುವುದೇ ಹಾಗೆ ಅಲ್ವಾ."

"ಯಾವಾಗಿನಿಂದ?"

"ಮೊದಲಿನ ವರ್ಷದಿಂದ. ನಿನ್ನ ಎಡಬದಿ ಸಪೂರ. ಅಲ್ಲಿ ಪಟ್ಟೆಯನ್ನು ಎರಡು ಬೆರಳು ಇಳಿಸಿ ಅಡಿಯಲ್ಲಿ ಕಪ್ಪು ದಪ್ಪ ಮಾಡುವುದು. ಬಲದಲ್ಲಿ ಮೇಲೆ ಹಿಡಿಯುವುದು. ಆಗ ಎರಡೂ ಸರಿಸಮ ಕಾಣ್ತದೆ."

ಚಾವಡಿಯ ಇಪ್ಪತ್ತು ಪಟಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಡಾಕ್ಟರರ ಮೇಜು ನೆನಪಾಯಿತು, ಸೂಜಿ ನೆನಪಾಯಿತು. ಈಚೆಗೆ ಬಂದ ಕಾಯಿಲೆಯಂತೆ! ಹುಡುಗನಾಗಿದ್ದಾಗಿನಿಂದಲೇ ನಾನು ಹೀಗೆ. ಗೊತ್ತಿದ್ದದ್ದು ಮಾಸ್ಟ್ರೊಬ್ಬರಿಗೇ.

ಮಾಸ್ಟ್ರು ಹತ್ತಿರ ಬಂದರು. ಕಣ್ಣು ಸಣ್ಣ ಮಾಡಿ ನೋಡಿದರು. ಆಮೇಲೆ ಬಣ್ಣ ಒಣಗದ ಕಡೆ ತಾಗದ ಹಾಗೆ ಹೆಬ್ಬೆರಳಿನಿಂದ ನನ್ನ ಎಡ ಎದೆಯನ್ನು ಮೆಲ್ಲ ಒತ್ತಿದರು.

"ಅಯ್ಯೋ," ಎಂದರು. "ತುಂಬಿಸಿದ್ದೀಯಾ ಮಾರಾಯ? ನನಗೆ ಕಾಣಲೇ ಇಲ್ಲ. ಕೈ ಅದರಷ್ಟಕ್ಕೇ ಹೋಯಿತು."

"ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ ನೀವು?"

"ಹೇಳಿದ್ದರೆ ಅವತ್ತು ನೀನು ಅಂಗಿ ಬಿಚ್ಚುತ್ತಿದ್ದೆಯಾ?"

ಬಾಯಿಯ ತುದಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಇಲ್ಲ, ಬಿಚ್ಚುತ್ತಿರಲಿಲ್ಲ. ಹತ್ತೊಂಬತ್ತರಲ್ಲಿ ಬೆತ್ತಲೆ ಎದೆಯಲ್ಲಿ ಊರ ಮುಂದೆ ಹೋಗಲು ಎಷ್ಟು ಹೆದರಿದ್ದೆನೆಂದು ನನಗೆ ಮಾತ್ರ ಗೊತ್ತು. ಅವರು ಆಗಲೇ ಸೀಮೆಎಣ್ಣೆಯ ಬಟ್ಟೆ ಕೈಗೆ ತೆಗೆದುಕೊಂಡಿದ್ದರು. "ಒರೆಸಿ ಬೇರೆ ಹಾಕುವ, ಒಂದು ಗಂಟೆ ಸಾಕು," ಎನ್ನುತ್ತಿದ್ದರು. ಹೊರಗೆ ಹುಲಿ ಕುಣಿತದ ತಾಸೆ ಬಡಿಯಲು ಶುರುವಾಗಿತ್ತು. ಹನ್ನೊಂದು ಹುಲಿಗಳು ಬಿಸಿಲಿನಲ್ಲಿ ನನಗಾಗಿ ನಿಂತಿದ್ದವು.

"ಬೇಡ ಮಾಸ್ಟ್ರೆ. ಇರಲಿ," ಎಂದು ಮುಖವಾಡ ಹಾಕಿಕೊಂಡೆ.

ಆ ಎರಡು ದಿನ ಹೇಗೆ ಕುಣಿದೆನೆಂದು ಕೇಳಬೇಡಿ. ಎಲ್ಲ ಸಿಟ್ಟೂ ಕಾಲಿಗೆ ಇಳಿದಿತ್ತು. ಇಂಥ ಹುಲಿ ನೋಡಿರಲಿಲ್ಲ ಎಂದು ಕೆಲವರು ಹೇಳಿದರಂತೆ. ಮೊಣಕಾಲು ಮಾತ್ರ ಮುಗಿಯಿತು.

ವಾರ ಕಳೆದ ಮೇಲೆ ನಮ್ಮ ತಂಡದ ಯಜಮಾನರು ಉಡುಪಿಯ ಬಸ್ ಸ್ಟ್ಯಾಂಡಿಗೆ ಬಂದು ನನ್ನನ್ನು ಕರೆದರು. ಕೈಯಲ್ಲಿ ನನ್ನ ಪಟ ಇತ್ತು, ಕಟ್ಟು ಹಾಕಿಸಿ ತಂದದ್ದು. ನಾನು ನೋಡಿದೆ. ಓರೆ. ಕೊನೆಯ ಪಟ, ಹಾಗೇ ಓರೆ.

"ಕೊಡಲಿಕ್ಕೆ ನನಗೇ ನಾಚಿಕೆಯಾಗ್ತದೆ," ಎಂದರು ಅವರು. "ಮಾಸ್ಟ್ರಿಗೆ ಕಣ್ಣು ಹೋಗಿದೆ. ನಿನಗೆ ಎಷ್ಟು ಚಂದ ಹಾಕ್ತಿದ್ದರು, ಈಗ ನೋಡು. ಉಳಿದವರದ್ದು ಪರವಾಗಿಲ್ಲ, ಆದರೆ ನಿನ್ನದು ನೋಡಿದ ಮೇಲೆ ಎಲ್ಲರೂ ಹೇಳ್ತಿದ್ದಾರೆ. ಬರುವ ವರ್ಷ ಬೇರೆಯವರಿಗೆ ಹೇಳುವುದು ಅಂತ ಉಂಟು."

ನನ್ನ ಕಿಸೆಯಲ್ಲಿ ಮೊಬೈಲ್ ಇತ್ತು. ಅದರಲ್ಲಿ ತರಬೇತುದಾರ ಹೊಡೆದ ಫೋಟೊ ಇತ್ತು. ಬೆರಳು ಅದರ ಮೇಲೆಯೇ ಇತ್ತು. ತೆಗೆದು ತೋರಿಸಿದರೆ ನಾನು ನೇರವೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಓರೆಯಾದದ್ದು ಬಣ್ಣವೆಂದೂ ಗೊತ್ತಾಗುತ್ತಿತ್ತು.

"ಬಣ್ಣ ಸರಿಯೇ ಉಂಟು," ಎಂದೆ. "ನನ್ನ ಎದೆಯೇ ಓರೆ. ಕಳೆದ ವರ್ಷದ ವಿಡಿಯೊ ನೀವು ನೋಡಿಲ್ವಾ?"

"ಗಾಳಿ ಕಡಿಮೆ ಅಂತ ಬರೆದದ್ದು? ನೋಡಿದ್ದೇನೆ. ಆದರೆ ಅದು ಎಡಬದಿ ಚಿಕ್ಕದು ಅಂತ ಅಲ್ವಾ? ಇದರಲ್ಲಿ ಎಡವೇ ದೊಡ್ಡದು."

"ಜಿಮ್ಮಿಗೆ ಹೋಗಿ ಎಡವನ್ನು ಹೆಚ್ಚು ಮಾಡಿಕೊಂಡೆ ಮಾರಾಯ್ರೆ. ಬುದ್ಧಿ ಇಲ್ಲದೆ ಅತಿ ಮಾಡಿದೆ. ತಪ್ಪು ನನ್ನದು, ಮಾಸ್ಟ್ರಿಗೆ ಎಂತ ಹೇಳುವುದು?"

ಯಜಮಾನರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತಿರದಲ್ಲಿದ್ದ ನಮ್ಮ ಕಂಡಕ್ಟರನನ್ನು ಕರೆದು ಅವನಿಗೂ ಹೇಳಿದರು. ಸಂಜೆಯೊಳಗೆ ಈ ದಾರಿಯ ಅಷ್ಟೂ ಬಸ್ಸುಗಳಿಗೆ ವಿಷಯ ತಲುಪುತ್ತದೆಂದು ನನಗೆ ಗೊತ್ತಿತ್ತು.

"ಹಾಗಾದ್ರೆ ಮಾಸ್ಟ್ರೇ ಇರಲಿ," ಎಂದು ಕಣ್ಣೊರೆಸಿಕೊಂಡು ಅವರು ಹೋದರು.

ಪಟವನ್ನು ಸೀಟಿನ ಹಿಂದೆ ಇಟ್ಟು ಬಸ್ಸು ಹೊರಡಿಸಿದೆ. ಎದುರಿಗೆ ಯಾರೂ ಇರಲಿಲ್ಲ, ಆದರೂ ಮಣಿಪಾಲದವರೆಗೆ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.